ಬೀಗ ಬಿದ್ದ ಗದ್ದೆಗೆ ಎರಡು ಹೆಸರಿನ ಚೀಟಿ

ಆ ವರ್ಷ ಮುಂಗಾರಿಗೆ ಮುಂಚೆ ಮೈಸೂರಿನ ಯೋಜನಾ ಕಚೇರಿಯಿಂದ ಒಂದು ಸುತ್ತೋಲೆ ಬಂತು. ನೀರು ಬಳಕೆದಾರರ ಸಂಘಗಳೆಲ್ಲ ಇನ್ನು ಮುಂದೆ ಸರದಿ ಪಟ್ಟಿಯನ್ನು ಇಂಟರ್‌ನೆಟ್ಟಿನಲ್ಲೇ ತಯಾರಿಸಬೇಕು, ಕಂಪ್ಯೂಟರಿನಲ್ಲಿರುವ ಹಳೆಯ ತಂತ್ರಾಂಶವನ್ನು ತೆಗೆದುಹಾಕಬೇಕು, ತೆಗೆದದ್ದಕ್ಕೆ ಅಧ್ಯಕ್ಷರು ಸಹಿ ಹಾಕಿ ಕಳಿಸಬೇಕು. ಹಳೆಯ ತಂತ್ರಾಂಶ ಅಂದರೆ ನನ್ನದು, ನಾನು ಬರೆದದ್ದು. ಓದಿದ ತಕ್ಷಣ ಮೈಯೆಲ್ಲ ಉರಿದುಹೋಯಿತು, ಸುಳ್ಳು ಯಾಕೆ ಹೇಳಲಿ.

ಎರಡು ಸಾವಿರದ ದಶಕದ ನಡುವಿನ ಮಾತು ಇದು. ಬ್ರಾಡ್‌ಬ್ಯಾಂಡ್ ನಮ್ಮ ಕಡೆಗೆ ಆಗಷ್ಟೇ ಕಾಲಿಟ್ಟಿತ್ತು. ನನಗೆ ನಂಜನಗೂಡಿನಲ್ಲಿ ಒಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ಪ್ರಾಜೆಕ್ಟ್ ವರ್ಕು. ವಾರಕ್ಕೆರಡು ದಿನ ಅಂಗಡಿಗೆ ಬೀಗ ಹಾಕಿ, ಬಸ್ಸು ಹತ್ತಿ ಟಿ. ನರಸೀಪುರಕ್ಕೆ ಹೋಗಿ, ಅಲ್ಲಿಂದ ಮುಡುಕುತೊರೆ ಕಡೆಯ ಬಸ್ಸು ಹಿಡಿದು ದಾರಿಯಲ್ಲಿ ಸಿಗುವ ಒಂದು ಹಳ್ಳಿಯಲ್ಲಿ ಇಳಿಯುತ್ತಿದ್ದೆ. ಅಲ್ಲಿನ ನೀರಿನ ಸಂಘಕ್ಕೆ ಸರದಿ ಪಟ್ಟಿ ಮಾಡಿಕೊಡುವ ಕೆಲಸ ನನ್ನದು.

ಕಟ್ಟು ನೀರು ಗೊತ್ತಿಲ್ಲದವರಿಗೆ ಎರಡು ಮಾತು. ನಾಲೆಯಲ್ಲಿ ನೀರು ಕಡಿಮೆ ಇದ್ದಾಗ ಹತ್ತು ದಿನ ಬಿಡುತ್ತಾರೆ, ಹತ್ತು ದಿನ ನಿಲ್ಲಿಸುತ್ತಾರೆ. ಬಿಟ್ಟ ಹತ್ತು ದಿನ ಅಂದರೆ ಒಂದು ಕಟ್ಟು. ಅದರಲ್ಲಿ ಮೇಲಿನ ತೂಬಿನಿಂದ ಕೊನೆಯ ತೂಬಿನವರೆಗೆ ಒಂದೊಂದು ಗದ್ದೆಗೂ ಇಂತಿಷ್ಟು ಗಂಟೆ. ಅದೇ ಸರದಿ. ಮೊದಲು ಸರದಿಯನ್ನು ಕೈಯಲ್ಲಿ ಬರೆಯುತ್ತಿದ್ದರು. ಮಸಿ ಒಣಗುವುದರೊಳಗೆ ಯಾರೋ ಏಳನ್ನು ಒಂಬತ್ತು ಮಾಡಿರುತ್ತಿದ್ದರು, ಜಗಳ ಪೊಲೀಸ್ ಠಾಣೆಯವರೆಗೂ ಹೋಗುತ್ತಿತ್ತು. ಅದಕ್ಕೇ ಸಂಘದವರು ಠರಾವು ಮಾಡಿದ್ದರು: ಕಂಪ್ಯೂಟರಿನಲ್ಲಿ ಅಚ್ಚಾದ, ಸಂಘದ ಸೀಲು ಬಿದ್ದ ಚೀಟಿ ಮಾತ್ರ ಚೀಟಿ. ಕೈಬರಹಕ್ಕೆ ಬೆಲೆಯಿಲ್ಲ.

ನನ್ನ ಪ್ರೋಗ್ರಾಮನ್ನು ನಾನು ಒಬ್ಬಳೇ ಬರೆಯಲಿಲ್ಲ. ಸಂಘದ ನೀರುಗಂಟಿ ಜೊತೆಗಿದ್ದರು. ಅರವತ್ತು ದಾಟಿದ ಮನುಷ್ಯ, ತೂಬು ತೆಗೆದು ಹಾಕುವುದು ಅವರ ಅಪ್ಪನ ಕಾಲದಿಂದ ಬಂದ ಕಸುಬು. ಮೂರು ವಾರ ಅವರ ಹಿಂದೆ ನಾಲೆಯ ಏರಿಯ ಮೇಲೆ ನಡೆದು, ಅವರು ಹೇಳಿದ್ದನ್ನೆಲ್ಲ ಬರೆದುಕೊಂಡು ಬಂದು ಕೂಡಿಸಿದ್ದೆ. ನೀರು ಮೇಲಿನ ತೂಬಿನಿಂದ ಕೊನೆಗೆ ನಡೆದು ಬರಲು ಬೇಕಾದ ಹೊತ್ತನ್ನು ರೈತನ ಲೆಕ್ಕಕ್ಕೆ ಹಾಕಬಾರದು. ಒಂದೇ ತೂಬಿನೊಳಗೆ ಒಂದು ಕಟ್ಟಿಗೆ ಮೇಲಿನ ಗದ್ದೆಯಿಂದ ಕೆಳಕ್ಕೆ, ಮುಂದಿನ ಕಟ್ಟಿಗೆ ಕೆಳಗಿನಿಂದ ಮೇಲಕ್ಕೆ ಸರದಿ ನಡೆಯಬೇಕು. ಇಲ್ಲವಾದರೆ ಕೆಳಗಿನವನಿಗೆ ಯಾವತ್ತೂ ಕೊನೆಯ ತೆಳು ನೀರೇ.

ಇನ್ನೊಂದು ಪದ್ಧತಿ ಇತ್ತು. ಮನೆಯಲ್ಲಿ ಸಾವಾದರೆ ಹಾಲುತುಪ್ಪ ಮುಗಿಯುವವರೆಗೆ ಆ ಮನೆಯವರು ಗದ್ದೆಗೆ ಗುದ್ದಲಿ ಹಾಕುವುದಿಲ್ಲ. ಅವರ ಸರದಿ ಬಂದರೆ ಪಕ್ಕದವರು ನೀರು ಹಾಯಿಸಿಕೊಡಬೇಕು. ಹಿಂದೆ ಇದು ಆಯಾ ಬೀದಿಯ ಒಳಗೇ ನಡೆಯುತ್ತಿತ್ತಂತೆ. ದೊಡ್ಡ ಬೀದಿಯವರು ದೊಡ್ಡ ಬೀದಿಯವರಿಗೆ, ಆಚೆ ಬೀದಿಯವರು ಆಚೆ ಬೀದಿಯವರಿಗೆ. ನಾನು ಅದಕ್ಕೆಂದು ಪಟ್ಟಿಯಲ್ಲಿ ಬೀದಿಯ ಹೆಸರಿಗೊಂದು ಕಾಲಂ ಮಾಡಿದ್ದೆ. ಆಚೆ ಬೀದಿಯಲ್ಲೇ ಹುಟ್ಟಿ ಬೆಳೆದಿದ್ದ ನೀರುಗಂಟಿ ಪರದೆಯನ್ನು ಬಹಳ ಹೊತ್ತು ನೋಡಿದರು.

"ಬೀದಿ ಕಾಲಮ್ಮು ಬ್ಯಾಡ ಕವ್ವ. ನೀರ್ಗೆ ಬೀದಿ ಗೊತ್ತಿಲ್ಲ. ಕಾಗ್ದಕ್ಕೂ ಗೊತ್ತಾಗದು ಬ್ಯಾಡ," ಅಂದರು.

ಕಾಲಂ ಅಳಿಸಿದೆ. ಪಟ್ಟಿಯಲ್ಲಿ ಮುಂದಿನ ಹೆಸರು ಯಾರದೋ ಅವರೇ ಸಾವಿನ ಮನೆಗೆ ನೀರು ಹಾಯಿಸಬೇಕು ಎಂದು ಬರೆದೆ. ಸತ್ತವರ ಹೆಸರಿನ ಪಕ್ಕ ಒಂದು ಗುರುತು ಹಾಕಿದರೆ ಸಾಕು, ಚೀಟಿಯಲ್ಲಿ ಎರಡು ಹೆಸರು ಬರುತ್ತಿತ್ತು: ಗದ್ದೆಯ ಒಡೆಯರದು, ಕೆಳಗೆ ಗುದ್ದಲಿ ಹಿಡಿಯುವವರದು. ಮೊದಲ ವರ್ಷ ಗೊಣಗಾಟ ಇತ್ತು. ಅಚ್ಚಾಗಿ ಬಂದ ಕಾಗದದ ಎದುರು ಗೊಣಗಾಟ ಬಹಳ ದಿನ ನಿಲ್ಲಲಿಲ್ಲ. ಇದನ್ನೆಲ್ಲ ಯಾವ ಇಲಾಖೆಯೂ ನಮಗೆ ಮಾಡಿಕೊಡಿ ಅಂದಿರಲಿಲ್ಲ. ಇಬ್ಬರು ಕೂತು ಒಂದು ಮಧ್ಯಾಹ್ನದಲ್ಲಿ ಮಾಡಿದ್ದು.

ಹೊಸ ವೆಬ್ ತಂತ್ರಾಂಶದ ತರಬೇತಿ ಟಿ. ನರಸೀಪುರದ ಒಂದು ಸಭಾಂಗಣದಲ್ಲಿ ನಡೆಯಿತು. ಕಂಪನಿಯ ಕಡೆಯಿಂದ ಬಂದಿದ್ದ ಇಂಜಿನಿಯರು ಒಳ್ಳೆಯ ಮನುಷ್ಯ, ತಾಳ್ಮೆಯಿಂದ ಹೇಳಿಕೊಟ್ಟರು. ಗೋಡೆಯ ಮೇಲೆ ದೊಡ್ಡದಾಗಿ ಮೂಡಿದ ಪುಟ ನೋಡಲು ಚೆನ್ನಾಗಿಯೇ ಇತ್ತು. ಹೊಟ್ಟೆಕಿಚ್ಚಿದ್ದರೂ ಒಪ್ಪಿಕೊಳ್ಳಬೇಕಾದ ಅನುಕೂಲಗಳೂ ಇದ್ದವು. ಫ್ಲಾಪಿ ಹಾಳಾಗಿ ಲೆಕ್ಕ ಕಳೆದುಕೊಳ್ಳುವ ಭಯವಿಲ್ಲ. ವೈರಸ್ಸಿನ ಕಾಟವಿಲ್ಲ. ಎಲ್ಲ ಸಂಘಗಳ ಪಟ್ಟಿಯೂ ಒಂದೇ ಕಡೆ, ಎಲ್ಲಿಂದ ಬೇಕಾದರೂ ನೋಡಬಹುದು ಅಂದರು ಇಂಜಿನಿಯರು.

ನೀರುಗಂಟಿ ಹಿಂದಿನ ಸಾಲಿನಿಂದ ಎದ್ದು ನಿಂತರು. "ನೋಡೋರು ಎಲ್ಲಿಂದಾದ್ರೂ ನೋಡ್ಲಿ ಸಾ. ಬೆಳಗ್ಗೆ ಆರ್ ಗಂಟ್ಗೆ ತೂಬ್ ತಾವ ನಿಂತ್ಕಳೋನು ನಾನು. ನಂಗೆ ಚೀಟಿ ಎಲ್ಲಿಂದ ಬತ್ತದೆ?"

ಎಲ್ಲರೂ ನಕ್ಕರು. ಇಂಜಿನಿಯರೂ ನಕ್ಕರು. ಮರುದಿನ ಅವರೇ ಸಂಘದ ಕಚೇರಿಗೆ ಬಂದು ಹೊಸ ಕಂಪ್ಯೂಟರು, ಹೊಸ ಪ್ರಿಂಟರು ಕೂರಿಸಿದರು. ಹಳೆಯ ಯಂತ್ರದಿಂದ ನನ್ನ ಪ್ರೋಗ್ರಾಮನ್ನು ನನ್ನ ಕಣ್ಣೆದುರೇ ತೆಗೆದುಹಾಕಿದರು. ನಾನು ಒಂದು ಸಿ.ಡಿ.ಗೆ ಹಾಕಿಟ್ಟುಕೊಂಡು ಸುಮ್ಮನಾದೆ. ಹಳೆಯ ಯಂತ್ರವೂ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರೂ ಗೊಬ್ಬರದ ಚೀಲ ಹೊದ್ದುಕೊಂಡು ಮೂಲೆ ಸೇರಿದವು.

ಮೊದಲ ಕಟ್ಟಿನಲ್ಲೇ ಗೊತ್ತಾಯಿತು, ಕೈಗೆ ಬಂದದ್ದು ಎಂಥ ಸಾಮಾನು ಎಂದು. ನನ್ನ ಪ್ರೋಗ್ರಾಮಿನಲ್ಲಿ ಎಂಟರ್ ಒತ್ತಿದರೆ ಪಟ್ಟಿಯ ಮುಂದಿನ ಚೌಕಕ್ಕೆ ಹೋಗುತ್ತಿತ್ತು. ಇಲ್ಲಿ ಎಂಟರ್ ಒತ್ತಿದರೆ ಅರ್ಧ ತುಂಬಿದ ಹಾಳೆಯೇ ಕಂಪನಿಯ ಸರ್ವರಿದ್ದ ಬೆಂಗಳೂರಿಗೆ ಹೊರಟುಹೋಗುತ್ತಿತ್ತು. ನೀರುಗಂಟಿಗೆ ನಾನು ಕಲಿಸಿದ್ದ ಮೂರು ಕೀಲಿಗಳಲ್ಲಿ ಎಫ್-ಫೈವ್ ಅಂದರೆ ಪ್ರಿಂಟು. ನಾನಿಲ್ಲದ ದಿನ ಅವರೇ ಒತ್ತಿ ಚೀಟಿ ತೆಗೆದುಕೊಂಡು ಹೋಗುತ್ತಿದ್ದರು. ಹೊಸದರಲ್ಲಿ ಅದೇ ಕೀಲಿ ಒತ್ತಿದಾಗ ಪುಟ ಮತ್ತೆ ಲೋಡಾಗಿ, ನಾನು ನಲವತ್ತು ನಿಮಿಷ ಕೂತು ತುಂಬಿದ್ದೆಲ್ಲ ಬೋಳಾಯಿತು. ಪಾಪ, ಆ ಮನುಷ್ಯ ತನ್ನಿಂದ ಯಂತ್ರವೇ ಹಾಳಾಯಿತೆಂದು ತಿಳಿದು ಎರಡು ದಿನ ಕಚೇರಿಯ ಒಳಕ್ಕೆ ಕಾಲಿಡಲಿಲ್ಲ.

ಇಪ್ಪತ್ತು ನಿಮಿಷ ಕೈ ಆಡಿಸದಿದ್ದರೆ ಹೊರಗೆ ಹಾಕಿ ಮತ್ತೆ ಪಾಸ್‌ವರ್ಡ್ ಕೇಳುತ್ತಿತ್ತು. ಸರದಿ ಪಟ್ಟಿ ಮಾಡುವುದು ಅಂದರೆ ಒಂದೊಂದು ಹೆಸರಿಗೂ ಹೊರಗೆ ಜಗಲಿಯಲ್ಲಿ ಕೂತವರನ್ನು ಕೇಳುವುದು, ಅವರು ತಮ್ಮೊಳಗೆ ವಾದಿಸುವುದು, ಕೊನೆಗೆ ಒಪ್ಪುವುದು. ಇಪ್ಪತ್ತು ನಿಮಿಷದಲ್ಲಿ ನಮ್ಮವರು ಎಲೆಅಡಿಕೆ ಹಾಕಿಕೊಂಡು ಮುಗಿಸಿರುವುದಿಲ್ಲ. ಲೈನು ಹೋದರಂತೂ ಮುಗಿಯಿತು. ರಸ್ತೆ ಅಗೆಯುವವನ ಒಂದು ಹಾರೆ ಏಟಿಗೆ ಸಂಘದ ಪಟ್ಟಿಯೇ ಮಾಯ. ಕರೆಂಟು ಹೋದರೆ ನನ್ನದೂ ನಿಲ್ಲುತ್ತಿತ್ತು, ಒಪ್ಪಿದೆ. ಆದರೆ ಬಂದ ಮೇಲೆ ಬಿಟ್ಟಲ್ಲಿಂದಲೇ ಶುರುವಾಗುತ್ತಿತ್ತು.

ಇದೆಲ್ಲ ಕಿರಿಕಿರಿ. ಅನಾಹುತ ಆದದ್ದು ಪ್ರಿಂಟಿನಲ್ಲಿ. ಬ್ರೌಸರಿನಿಂದ ಅಚ್ಚು ಹಾಕಿದಾಗ ಬಲಗಡೆಯ ಕೊನೆಯ ಕಾಲಂ ಹಾಳೆಯಿಂದ ಆಚೆ ಬಿದ್ದುಹೋಗುತ್ತಿತ್ತು. ಆ ಕಾಲಂನಲ್ಲಿದ್ದದ್ದು ನೀರು ನಿಲ್ಲಿಸಬೇಕಾದ ಹೊತ್ತು. ಶುರುವಾಗುವ ಹೊತ್ತು ಇದೆ, ಮುಗಿಯುವ ಹೊತ್ತಿಲ್ಲ! ಮೇಲಿನ ತೂಬಿನವರು ಚೀಟಿ ತೋರಿಸಿ, ಇದರಲ್ಲಿ ನಿಲ್ಲಿಸು ಅಂತ ಎಲ್ಲಿದೆ ಎಂದು ಕೇಳಿದರು. ಆ ಕಟ್ಟಿನಲ್ಲಿ ಇಬ್ಬರು ಕೈ ಕೈ ಮಿಲಾಯಿಸಿದರು. ಹಾಳೆಯನ್ನು ಅಡ್ಡ ತಿರುಗಿಸಿ, ಅಕ್ಷರ ಚಿಕ್ಕದು ಮಾಡಿ ನಾನು ಅದನ್ನು ಸರಿಪಡಿಸುವ ಹೊತ್ತಿಗೆ ಎರಡು ದಿನ ಕಳೆದಿತ್ತು. ನನ್ನದೇ ಪ್ರೋಗ್ರಾಮಾಗಿದ್ದರೆ ಜಗಳ ಆಡುತ್ತಿದ್ದವರ ಎದುರೇ ಕೂತು ಸರಿಮಾಡುತ್ತಿದ್ದೆ. ವೆಬ್ಬಿನಲ್ಲಿ ನನ್ನ ಕೈಗೆ ಸಿಗುವುದು ಪುಟದ ಮುಖ ಮಾತ್ರ. ಅದರ ಹೊಟ್ಟೆ ಬೆಂಗಳೂರಿನಲ್ಲಿತ್ತು.

ಎರಡನೆಯ ಕಟ್ಟು ಮುಗಿಯಲು ಎರಡು ದಿನ ಇರುವಾಗ, ಶುಕ್ರವಾರ ಬೆಳಗ್ಗೆ, ಕೊನೆಯ ತೂಬಿನ ಒಬ್ಬ ರೈತ ಎದೆನೋವು ಬಂದು ತೀರಿಕೊಂಡರು. ಆಚೆ ಬೀದಿಯವರು, ನಲವತ್ತೈದರ ಆಸುಪಾಸು. ಸರ್ಕಾರದಿಂದ ದರಖಾಸ್ತಿನಲ್ಲಿ ಬಂದ ಒಂದೂವರೆ ಎಕರೆ ಗದ್ದೆ, ಅದರಲ್ಲಿ ಹನ್ನೆರಡು ದಿನದ ಒಟ್ಲು, ಅಂದರೆ ನಾಟಿಗೆಂದು ಬೆಳೆಸುವ ಸಸಿಮಡಿ. ಭತ್ತದ ಪೈರು ಬೆರಳುದ್ದ ಎದ್ದಿತ್ತು. ಅವರ ಸರದಿ ಭಾನುವಾರ ಬೆಳಗ್ಗೆ ಹತ್ತರಿಂದ ಒಂದು ಗಂಟೆ. ಅದೇ ಸಂಜೆ ನಾಲೆ ಬಂದ್. ಆಮೇಲೆ ಹತ್ತು ದಿನ ತೊಟ್ಟು ನೀರಿಲ್ಲ. ಭಾನುವಾರ ತಪ್ಪಿದರೆ ಒಟ್ಲು ಒಣಗುತ್ತದೆ, ಒಟ್ಲು ಒಣಗಿದರೆ ಆ ವರ್ಷ ನಾಟಿಯೇ ಇಲ್ಲ.

ಶನಿವಾರ ಬೆಳಗ್ಗೆ ಕಚೇರಿಗೆ ಬಂದ ನಾನು ಮೊದಲು ಮಾಡಿದ್ದು ಅದೇ ಕೆಲಸ. ಅವರ ಹೆಸರು ತೆಗೆದೆ. "ಒಡೆಯರು ಮೃತ" ಎಂದು ಒಂದು ಚೌಕ ಇತ್ತು. ನಾಲ್ಕು ವರ್ಷದಿಂದ ಸಾವಿನ ಮನೆಗೆ ಗುರುತು ಹಾಕಿ ಅಭ್ಯಾಸವಾದ ಕೈ, ಯೋಚನೆ ಮಾಡದೆ ಚೌಕದ ಮೇಲೆ ಒತ್ತಿ, ಉಳಿಸು ಎಂದು ಕೊಟ್ಟೆ. ಎರಡು ಹೆಸರಿನ ಚೀಟಿ ಬರುತ್ತದೆಂದು ಕಾದೆ.

ಬಂದದ್ದು ಕೆಂಪು ಅಕ್ಷರ. ದಾಖಲೆಗೆ ಬೀಗ ಹಾಕಲಾಗಿದೆ, ವಾರಸುದಾರರ ಹೆಸರಿಗೆ ಖಾತೆ ಬದಲಾದ ನಂತರ ಮುಂದುವರಿಯಿರಿ. ಕೆಳಗೆ ಹೊಸ ಪಟ್ಟಿ ತಾನಾಗಿಯೇ ತಯಾರಾಗಿತ್ತು. ಆ ಗದ್ದೆಯ ಮೂರು ಗಂಟೆಯನ್ನು ಭಾನುವಾರದ ಉಳಿದ ಗದ್ದೆಗಳಿಗೆಲ್ಲ ಹಂಚಿ, ಎಲ್ಲರ ಹೊತ್ತನ್ನೂ ಹಿಂದೆ ಮುಂದೆ ಮಾಡಿ, ಪ್ರಕಟಿಸಿಯೂ ಆಗಿತ್ತು. ಹಿಂದಕ್ಕೆ ಹೋಗುವ ಬಾಣ ಒತ್ತಿದೆ. ಪುಟದ ಅವಧಿ ಮುಗಿದಿದೆ ಅಂದಿತು. ಪೌತಿ ಖಾತೆ ಆಗುವುದಕ್ಕೆ ತಿಂಗಳುಗಟ್ಟಲೆ ಬೇಕು. ಸತ್ತವರ ಚಿತೆಯ ಬೂದಿ ಆರುವ ಮುಂಚೆ ನಾನು ಅವರ ಗದ್ದೆಗೆ ಬೀಗ ಜಡಿದಿದ್ದೆ. ತಪ್ಪು ಯಂತ್ರದ್ದು ಎಂದು ಈಗ ಎಷ್ಟು ಬೇಕಾದರೂ ಹೇಳಬಹುದು, ಒತ್ತಿದ ಬೆರಳು ನನ್ನದು.

ಇಂಜಿನಿಯರಿಗೆ ಫೋನು ಮಾಡಿದೆ. ಬೀಗ ತೆಗೆಯುವ ಅಧಿಕಾರ ತನಗೂ ಇಲ್ಲ, ಮೈಸೂರು ಕಚೇರಿಯಿಂದ ಮನವಿ ಹೋಗಬೇಕು, ಸೋಮವಾರ ಕಳಿಸಿದರೆ ವಾರದೊಳಗೆ ಆಗಬಹುದು ಎಂದರು. ಸತ್ತವರ ಸರದಿ ನಾಳೆ ಹತ್ತಕ್ಕೆ ಎಂದು ನಾನು ಹೇಳಿದೆ. "ನಮ್ದೂ ಗದ್ದೆ ಇರೋ ಊರೇ ಮೇಡಂ. ನೀವು ಹೇಳೋದು ನಂಗೆ ಅರ್ಥ ಆಗ್ತದೆ. ನನ್ನ ಕೈಲಿ ಏನೂ ಇಲ್ಲ," ಅಂದರು. ಆ ಮಾತು ನಿಜವೇ ಆಗಿತ್ತು. ಬರೆದವನ ಕೈಯಲ್ಲೂ ಏನೂ ಇಲ್ಲದ ತಂತ್ರಾಂಶ ಅದು.

ಸಾವಿನ ಮನೆಗೆ ಹೋಗಿ ಬರೋಣ ಎಂದರು ನೀರುಗಂಟಿ. ಹೋದೆವು. ಸತ್ತವರ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. ಅಷ್ಟು ಹೊತ್ತಿಗೆ ಯಾರೋ ಸುದ್ದಿ ಮುಟ್ಟಿಸಿದ್ದರೆಂದು ಕಾಣುತ್ತದೆ. ಒಂದೇ ಮಾತು ಕೇಳಿದರು.

"ಒಟ್ಲು ಒಣಗೋಯ್ತದಾ ಅಕ್ಕ?"

ಇಲ್ಲ ಅಂದೆ. ಅಂದ ಮೇಲೆ ಮಾಡಲೇಬೇಕಿತ್ತು. ಮಧ್ಯಾಹ್ನದ ಬಸ್ಸಿಗೆ ನಂಜನಗೂಡಿಗೆ ಹೊರಟೆ, ಸಿ.ಡಿ. ತರಲು.

ಭಾನುವಾರ ಮೊದಲ ಬಸ್ಸಿಗೆ ವಾಪಸ್ಸು ಬಂದೆ. ಚೀಲದಲ್ಲಿ ಸಿ.ಡಿ., ಪ್ರಿಂಟರಿಗೆ ಹೊಸ ರಿಬ್ಬನ್ನು, ಎರಡು ಬಾಳೆಹಣ್ಣು. ಹೊಸ ಕಂಪ್ಯೂಟರಿಗೆ ಪ್ರೋಗ್ರಾಂ ಹಾಕಿದೆ. ಶುರುವಾಯಿತು, ಆದರೆ ಪರದೆಯ ತುಂಬ ಚಿತ್ರವಿಚಿತ್ರ ಗುರುತುಗಳು. ಕನ್ನಡದ ಫಾಂಟನ್ನು ಸಿ.ಡಿ.ಗೆ ಹಾಕಲು ಮರೆತಿದ್ದೆ. ಡೆಸ್ಕ್‌ಟಾಪ್ ಪರವಾಗಿ ಊರೆಲ್ಲ ಜಗಳ ಕಾದವಳು ಮಾಡುವ ತಪ್ಪೇ ಇದು? ಆಗ ಎಂಟು ಗಂಟೆಯಾಗಿತ್ತು. ನಂಜನಗೂಡಿಗೆ ಹೋಗಿ ಬರಲು ಹೊತ್ತಿರಲಿಲ್ಲ.

ನೀರುಗಂಟಿ ಮೂಲೆಯ ಗೊಬ್ಬರದ ಚೀಲ ಎತ್ತಿದರು. ಹಳೆಯ ಯಂತ್ರದಿಂದ ಪ್ರೋಗ್ರಾಂ ತೆಗೆದಿದ್ದರೇ ಹೊರತು ಫಾಂಟು ತೆಗೆದಿರಲಿಲ್ಲ. ತಂತಿ ಜೋಡಿಸಿ ಹಾಕಿದೆವು. ಕೆಮ್ಮಿ ಕ್ಯಾಕರಿಸಿ ಎದ್ದಿತು. ಒಳಗಿನ ಬ್ಯಾಟರಿ ಸತ್ತು ತಾರೀಖು ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿತ್ತು, ಅದನ್ನು ಸರಿಮಾಡಿದೆ. ಸಿ.ಡಿ.ಯಲ್ಲಿ ಹೋದ ವರ್ಷದ ಹೆಸರು, ಗದ್ದೆ, ವಿಸ್ತೀರ್ಣ ಎಲ್ಲ ಇತ್ತು. ಎಲ್ಲ ತೂಬುಗಳೂ ಸೇರಿ ಭಾನುವಾರದ ಹದಿನೆಂಟು ಗದ್ದೆಗಳ ಮೊದಲಿನ ಸರದಿಯನ್ನು ಮಾತ್ರ ಮತ್ತೆ ಕೂರಿಸಬೇಕಿತ್ತು. ವೆಬ್ಬಿನಿಂದ ಅದನ್ನು ಇಳಿಸಿಕೊಳ್ಳುವ ದಾರಿಯಿರಲಿಲ್ಲ. ಅದು ತಾನು ಬದಲಾಯಿಸಿದ ಪಟ್ಟಿಯನ್ನಷ್ಟೇ ತೋರಿಸುತ್ತಿತ್ತು, ಹಿಂದಿನದನ್ನು ನುಂಗಿಬಿಟ್ಟಿತ್ತು. ನೀರುಗಂಟಿ ಕಣ್ಣು ಮುಚ್ಚಿ ಕೂತು, ಮನಸ್ಸಿನಲ್ಲೇ ಬದುವಿನ ಮೇಲೆ ನಡೆಯುತ್ತ, ಒಂದೊಂದು ಗದ್ದೆಯನ್ನೂ ಹೇಳುತ್ತ ಹೋದರು. ನಾನು ಕೀಲಿ ಕುಟ್ಟಿದೆ.

ಆ ದಿನದ ಮೊದಲ ನಾಲ್ಕು ಗದ್ದೆಗಳಿಗೆ ಆಗಲೇ ನೀರು ಹಾಯುತ್ತಿತ್ತು, ಹೆಚ್ಚು ಕಡಿಮೆ ಸರಿಯಾದ ಹೊತ್ತಿಗೇ. ಅವರನ್ನು ಕೆದಕುವ ಅಗತ್ಯವಿರಲಿಲ್ಲ. ಸತ್ತವರ ಹೆಸರಿಗೆ ಬಂದು ಎಫ್-ಸೆವೆನ್ ಒತ್ತಿ ಸಾವಿನ ಗುರುತು ಹಾಕಿದೆ. ಪಟ್ಟಿಯಲ್ಲಿ ಮುಂದಿನ ಹೆಸರು ದೊಡ್ಡ ಬೀದಿಯ ಯಜಮಾನರದು. ಮಠಕ್ಕೆ ನಡೆದುಕೊಳ್ಳುವ ಮನೆತನ, ಸಂಘದಲ್ಲಿ ನಿರ್ದೇಶಕರು, ಮಾತು ಕಡಿಮೆ. ಅವರ ಸ್ವಂತ ಸರದಿ ಒಂದರಿಂದ ನಾಲ್ಕು. ವೆಬ್ಬಿನ ಹೊಸ ಪಟ್ಟಿಯಲ್ಲಾದರೆ ಹತ್ತು ಗಂಟೆಯ ನೀರು ನೇರವಾಗಿ ಅವರದು. ಕೊನೆಯ ದಿನ ಮಧ್ಯಾಹ್ನದ ಮೇಲೆ ನಾಲೆಯಲ್ಲಿ ನೀರು ಇಳಿಯುತ್ತದೆ. ಹತ್ತರ ನೀರಿಗೂ ಒಂದರ ನೀರಿಗೂ ಹಾಲಿಗೂ ಮಜ್ಜಿಗೆಗೂ ಇರುವಷ್ಟು ವ್ಯತ್ಯಾಸ. ಅದನ್ನು ಅವರು ಬಿಟ್ಟುಕೊಡಬೇಕಿತ್ತು.

ಎಫ್-ಸೆವೆನ್ ಒತ್ತಿದರೆ ಹಿಂದಿನ ಸಾವಿನ ಮನೆಯ ಚೀಟಿಗಳೂ ಕೆಳಗೆ ಕಾಣುವಂತೆ ಮಾಡಿದ್ದೆ. ಅಲ್ಲೊಂದು ಸಾಲು ಕಣ್ಣಿಗೆ ಬಿತ್ತು. ಹೋದ ವರ್ಷ ಇದೇ ಯಜಮಾನರ ತಾಯಿ ತೀರಿಕೊಂಡಿದ್ದರು. ಆ ಕಟ್ಟಿನಲ್ಲಿ ಸರದಿ ಈಗಿನಂತೆ ಕೆಳಗಿನಿಂದಲ್ಲ, ಮೇಲಿನಿಂದ ಕೆಳಕ್ಕೆ ಇತ್ತು, ಹಾಗಾಗಿ ಅವರ ಮುಂದಿನ ಹೆಸರು ಈಗ ಸತ್ತವರದೇ. ಎರಡು ಹೆಸರಿನ ಆ ಚೀಟಿಯನ್ನೂ ಅಚ್ಚು ಹಾಕಿ ಚೀಲಕ್ಕೆ ಹಾಕಿಕೊಂಡೆ. ವೆಬ್ಬಿನಲ್ಲಿ ಅದು ಸಿಗುತ್ತಿರಲಿಲ್ಲ. ಹಳೆಯ ವರ್ಷಗಳನ್ನು ಅವರು ಹೊಸದಕ್ಕೆ ತುಂಬಿಕೊಂಡೇ ಇರಲಿಲ್ಲ.

ಇನ್ನು ಸೀಲು. ಅಧ್ಯಕ್ಷರ ಮನೆಗೆ ಓಡಿದೆ. ಸಂಘಕ್ಕೆ ಸ್ವಂತ ಕಟ್ಟಡ ಕೊಡಿಸುತ್ತೇವೆಂದು ಯೋಜನಾ ಕಚೇರಿಯವರು ಆಸೆ ತೋರಿಸಿದ್ದರು, ಅವರನ್ನು ಎದುರು ಹಾಕಿಕೊಳ್ಳಲು ಅಧ್ಯಕ್ಷರಿಗೆ ಇಷ್ಟವಿರಲಿಲ್ಲ. ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ತಾನು ಸಹಿ ಮಾಡುವುದಿಲ್ಲ ಎಂದರು. ಒಳಗೆ ಹೋಗಿ ಸೀಲು ತಂದು ಮೇಜಿನ ಮೇಲಿಟ್ಟರು.

"ನಾನು ಸ್ನಾನಕ್ಕೆ ಓಯ್ತೀನಿ. ಬರೋದ್ರೊಳ್ಗೆ ಸೀಲು ಯಾರ್ ಮುಟ್ಟುದ್ರೋ ನಂಗೆ ಗೊತ್ತಿಲ್ಲ," ಅಂದರು.

ಸಹಿಯ ಜಾಗದಲ್ಲಿ ನನ್ನ ಹೆಸರನ್ನೇ ಬರೆದೆ. ಅಧಿಕಾರ ಯಾರು ಕೊಟ್ಟರೆಂದು ಯಾರಾದರೂ ಕೇಳಿದರೆ ಕೇಳಲಿ. ದಿನಗೂಲಿಯ ಕಂಪ್ಯೂಟರ್ ಆಪರೇಟರನ್ನು ಕೆಲಸದಿಂದ ತೆಗೆಯಬಹುದು, ಅದಕ್ಕಿಂತ ಹೆಚ್ಚಿನದು ಏನು ಮಾಡಲು ಸಾಧ್ಯ? ಅಧ್ಯಕ್ಷರು ಹಿಂದಿನ ದಿನ ಅಚ್ಚು ಹಾಕಿಸಿದ್ದ ವೆಬ್ಬಿನ ಪಟ್ಟಿಯನ್ನು ಸಂಘದ ಬೋರ್ಡಿನಿಂದ ಕಿತ್ತು ನನ್ನದನ್ನು ಅಂಟಿಸಿದೆ. ಹಾಗೆ ಅಂಟಿಸುವಾಗ ಖುಷಿಯೇ ಆಯಿತು.

ಕೊನೆಯ ತೂಬಿಗೆ ನಾವು ಹೋಗುವಾಗ ಹತ್ತಕ್ಕೆ ಹತ್ತು ನಿಮಿಷ. ಯಜಮಾನರು ಗುದ್ದಲಿ ಹೆಗಲಿಗೆ ಹಾಕಿಕೊಂಡು ಆಗಲೇ ನಿಂತಿದ್ದರು. ಹಿಂದಿನ ದಿನ ಪ್ರಕಟವಾದ ಪಟ್ಟಿಯಿಂದ ಹರಿದಿಟ್ಟುಕೊಂಡಿದ್ದ ಅವರ ಚೀಟಿ ಜೇಬಿನಲ್ಲಿತ್ತು. ನಾನು ಹೊಸ ಚೀಟಿ ಕೊಟ್ಟೆ. ಓದಿ, ತಮ್ಮದನ್ನೂ ತೆಗೆದು ಪಕ್ಕದಲ್ಲಿ ಹಿಡಿದರು.

"ಇದೂ ಕಂಪ್ಯೂಟರ್ದೇ ಅಲ್ವ?" ಎಂದು ಕೇಳಿದರು.

ಹೌದು ಎಂದೆ. ಯಾಕೆ ಎರಡಾಯಿತು, ತಪ್ಪು ಎಲ್ಲಿ ನಡೆಯಿತು, ಒತ್ತಿದ್ದು ನಾನೇ ಎಂಬುದನ್ನೂ ಮುಚ್ಚಿಡದೆ ಹೇಳಿದೆ. ಅವರು ಕೇಳಿಸಿಕೊಂಡರು, ಆದರೆ ಗದ್ದೆಯ ಬಾಯಿಯಿಂದ ಕದಲಲಿಲ್ಲ. ಕೆಳಗೆ ಆಚೆ ಬೀದಿಯ ಏಳೆಂಟು ಮಂದಿ ಬದುವಿನ ಮೇಲೆ ಬಂದು ಕೂತಿದ್ದರು. ಅವರು ಎದ್ದರೆ ಏನಾಗುತ್ತದೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ನೀರುಗಂಟಿ ಮುಂದೆ ಬಂದರು. ಅವರ ದನಿಯಲ್ಲಿ ಬೇಡಿಕೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. "ಎರಡ್ ಚೀಟೀಲೂ ನಿಮ್ಮೆಸ್ರೇ ಅದೆ ಯಜಮಾನ್ರೆ. ಒಂದ್ರಲ್ಲಿ ನೀರು ನಿಮ್ಗೆ. ಇನ್ನೊಂದ್ರಲ್ಲಿ ನೀರು ನಿಮ್ ಕೈಯಿಂದ. ಯಾವ್ದ ಮಡಿಕತೀರೋ ಮಡಿಕಳಿ, ನಾನು ತೂಬು ತಗೀತೀನಿ."

ನಾನು ಚೀಲದಿಂದ ಮೂರನೆಯ ಚೀಟಿ, ಹೋದ ವರ್ಷದ್ದು, ತೆಗೆದು ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದರು. ಮೇಲೆ ಅವರ ಹೆಸರು, ಕೆಳಗೆ ಸತ್ತವರ ಹೆಸರು. ಓದಿದ ಮೇಲೂ ಕಾಗದದಿಂದ ಕಣ್ಣು ತೆಗೆಯಲಿಲ್ಲ.

"ನಮ್ಮವ್ವ ಸತ್ತಾಗ," ಅಂದರು. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, "ಮಳೇಲಿ ನಿಂತು ನೀರು ಆಯ್ಸುದ್ದ. ಮಜ್ಜಿಗೆ ಕಳ್ಸುದ್ರೆ ಸೂತಕದ ಮನೇದು ಬ್ಯಾಡ ಅಂತ ವಾಪಸ್ ಕಳ್ಸುದ್ದ."

ವೆಬ್ಬಿನ ಚೀಟಿಯನ್ನು ಎರಡು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟು, ಪಂಚೆ ಎತ್ತಿ ಕಟ್ಟಿ, ಕೆಳಗಿನ ಗದ್ದೆಯ ಬಾಯಿಗೆ ಗುದ್ದಲಿ ಹಾಕಿದರು. ಆ ಮೊದಲ ನೀರು ಬಿರುಕುಬಿಟ್ಟ ಕಾಲುವೆಯಲ್ಲಿ ನೊರೆ ಕಟ್ಟಿಕೊಂಡು ಒಟ್ಲಿನ ಕಡೆ ಹೋಗುವುದನ್ನು ನೋಡುತ್ತಾ ನನಗೆ ಅಳು ಬಂತು. ಒಂದು ಗಂಟೆಯವರೆಗೂ ಅವರು ಅಲ್ಲೇ ಇದ್ದರು. ಅವರ ಸ್ವಂತ ಗದ್ದೆಗೆ ಆಮೇಲೆ ಸಿಕ್ಕಿದ್ದು ಮಜ್ಜಿಗೆ ನೀರೇ.

ವಾರದೊಳಗೆ ಯೋಜನಾ ಕಚೇರಿಯಿಂದ ನೋಟಿಸು ಬಂತು. ಅನಧಿಕೃತ ತಂತ್ರಾಂಶ ಬಳಸಿದ್ದಕ್ಕೆ, ಪ್ರಕಟವಾದ ಪಟ್ಟಿ ಕಿತ್ತುಹಾಕಿದ್ದಕ್ಕೆ ಕಾರಣ ಕೊಡಿ ಎಂದು. ಅಧ್ಯಕ್ಷರು ಗಾಬರಿಯಾದರು. ನಾನೇ ಉತ್ತರ ಬರೆದೆ. ನಿಮ್ಮ ತಂತ್ರಾಂಶ ಸತ್ತವರನ್ನು ಪಟ್ಟಿಯಿಂದ ತೆಗೆಯುತ್ತದೆ, ನಮ್ಮದು ಅವರ ಮನೆಗೆ ನೀರು ಹಾಯಿಸುತ್ತದೆ, ಈ ವ್ಯತ್ಯಾಸ ಸರಿಹೋಗುವವರೆಗೆ ನಾವು ನಮ್ಮದನ್ನೇ ಬಳಸುತ್ತೇವೆ. ಅಷ್ಟೇ. ಸಂಘದ ಸಭೆಯಲ್ಲಿ ಇದನ್ನು ಓದಿದಾಗ ಮೊದಲು ಕೈ ಎತ್ತಿದವರು ಆ ಯಜಮಾನರು. ಅಧ್ಯಕ್ಷರು ಎಲ್ಲರ ಮುಖ ನೋಡಿ ಕೊನೆಗೆ ಎತ್ತಿದರು. ಅವತ್ತಿನಿಂದ ನೀರಿಗೆ ನನ್ನ ಪ್ರೋಗ್ರಾಮು. ಮೈಸೂರಿನವರ ಸಮಾಧಾನಕ್ಕೆ, ಕಟ್ಟು ಮುಗಿದ ಮೇಲೆ, ನಡೆದುಹೋದದ್ದನ್ನು ವೆಬ್ಬಿಗೆ ತುಂಬುತ್ತಿದ್ದೆ. ಬೀಗ ಬಿದ್ದಿದ್ದ ಆ ಒಂದು ಗದ್ದೆಯದನ್ನು ಬಿಟ್ಟು. ಬೀಗ ತೆಗೆಯಿರೆಂದು ಸೋಮವಾರ ನಾವು ಮೈಸೂರಿಗೆ ಕಳಿಸಿದ್ದ ಮನವಿಗೆ ಜವಾಬೇ ಬರಲಿಲ್ಲ.

ಇವತ್ತು ನಾನೂ ವೆಬ್ಬಿನಲ್ಲೇ ಕೆಲಸ ಮಾಡುತ್ತೇನೆ, ಕಾಲ ಯಾರನ್ನು ಬಿಟ್ಟಿದೆ. ಆದರೂ ನನ್ನ ಮಾತು ಬದಲಾಗಿಲ್ಲ. ಜಗಳ ಎಲ್ಲಿ ನಡೆಯುತ್ತದೋ ಆ ಕೋಣೆಯಲ್ಲಿರುವ ತಂತ್ರಾಂಶವನ್ನು ತಿದ್ದಬಹುದು. ಬೇರೆ ಊರಿನಲ್ಲಿರುವುದಕ್ಕೆ ಅರ್ಜಿ ಹಾಕಬೇಕು. ಅರ್ಜಿ ಹಾಕಿ ಕಾಯುವಷ್ಟು ಪುರುಸೊತ್ತು ಬೆರಳುದ್ದದ ಪೈರಿಗೆ ಇರುವುದಿಲ್ಲ.

ನಾಟಿಯಾಗಿ ಎರಡು ತಿಂಗಳ ಮೇಲೆ ಯೋಜನಾ ಕಚೇರಿಯ ಅಧಿಕಾರಿ ತಪಾಸಣೆಗೆ ಬಂದರು. ಕೈಯಲ್ಲಿ ವೆಬ್ಬಿನಿಂದ ತೆಗೆದ ಹಾಳೆಗಳು, ಕಾಲಿಗೆ ಮಿರಿಮಿರಿ ಬೂಟು. ನಾನು, ನೀರುಗಂಟಿ ಜೊತೆಗೆ ಹೋದೆವು. ಒಂದೊಂದು ಗದ್ದೆಯ ಹತ್ತಿರವೂ ಹಾಳೆ ನೋಡಿ ಗುರುತು ಹಾಕುತ್ತ ಕೊನೆಯ ತೂಬಿಗೆ ಬಂದು ನಿಂತರು. ಎದುರಿಗೆ ಮೊಳಕಾಲುದ್ದ ಹಸಿರು ಪೈರು. ಸತ್ತವರ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಳೆ ಕೀಳುತ್ತಿದ್ದರು. ಅಧಿಕಾರಿ ಹಾಳೆ ನೋಡಿದರು, ಪೈರು ನೋಡಿದರು, ಮತ್ತೆ ಹಾಳೆ ನೋಡಿದರು. ಇದು ಯಾವ ಗದ್ದೆ ಎಂದು ನನ್ನನ್ನು ಕೇಳಿದರು. ಹೇಳಿದೆ.

ಆಕೆ ಬೆನ್ನು ನೆಟ್ಟಗೆ ಮಾಡಿ ನಿಂತು, ಕಾಗದದಲ್ಲಿ ಏನಿದೆ ಎಂದು ಕೇಳಿದರು. ಹಾಳೆಯನ್ನು ಅಧಿಕಾರಿಯ ಕೈಯಿಂದ ಇಸಿದುಕೊಂಡು ನಾನೇ ಗಟ್ಟಿಯಾಗಿ ಓದಿದೆ: ಈ ಜಮೀನಿಗೆ ಈ ಬೆಳೆಗೆ ನೀರು ಹರಿದಿಲ್ಲ.

ಆಕೆ ಕೈಯ ಕಳೆಯನ್ನು ಬದುವಿನ ಮೇಲೆ ಎಸೆದರು.

"ಅಂಗಾರೆ ಇಳೀರಿ ಸಾ, ನೋಡ್ಕಂಡು ಓಗೀರಂತೆ," ಅಂದರು. "ಬೂಟು ಮಾತ್ರ ಬುಟ್ಟು ಬನ್ನಿ. ಮೊಣಕಾಲ್ಗಂಟ ಕೆಸರದೆ."